ಮುಖ್ಯೋಪಾಧ್ಯಾಯರಾಗಿದ್ದ ಗುರು ಜಾಕ್

1987ರಲ್ಲಿ ಲೂಯಿ ಮಾಲ್ ನಿರ್ದೇಶಿಸಿದ 'ಓ ರೆವ್ವಾರ್ ಲೆಜಾಂಫಾಂ' ಎಂಬ ಫ್ರೆಂಚ್ ಚಲನಚಿತ್ರವು ವೆನಿಸ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿಯನ್ನು ಪಡೆಯಿತು. ಅದರಲ್ಲಿನ ಮುಖ್ಯೋಪಾಧ್ಯಾಯ ಗುರುವಿನ ಪಾತ್ರಕ್ಕೆ ಮೂಲವ್ಯಕ್ತಿ ಕಾರ್ಮೆಲ್ ಸಭೆಯ ವಂದನೀಯ ಜಾಕ್. ಮಾಲ್ ಬಾಲ್ಯದಲ್ಲಿ ಅವರ ಶಾಲೆಯ ವಿದ್ಯಾರ್ಥಿ.

ಲೂಸಿಯಾಂ ಬ್ಯುನೆಲ್ ಎಂಬ ಹೆಸರಿನಿಂದ 1900ರಲ್ಲಿ ನಾರ್ಮಂಡಿಯ ಬಡ ಕಾರ್ಮಿಕ ಕುಟುಂಬದಲ್ಲಿ ಜನಿಸಿದ ಅವರು 1925ರಲ್ಲಿ ಗುರುದೀಕ್ಷೆ ಪಡೆದರು. 1931ರಲ್ಲಿ ಕಾರ್ಮೆಲ್ ಸೇರಿದರು. 1934ರಲ್ಲಿ ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಆವೋಂನಲ್ಲಿ ಬಾಲಕರ ವಸತಿಶಾಲೆಯನ್ನು ತೆರೆದರು.

ಫ್ರಾನ್ಸನ್ನು ಆಕ್ರಮಿಸಿದ ನಾಜಿಗಳು ಯೆಹೂದ್ಯರನ್ನು ರೈಲುಗಳಲ್ಲಿ ಮರಣ ಶಿಬಿರಗಳಿಗೆ ಅಟ್ಟುತ್ತಿದ್ದಾಗ ಈ ಗುರು ಮಾಡಿದ್ದು ಮುಖ್ಯೋಪಾಧ್ಯಾಯರೆಲ್ಲ ಪ್ರತಿವರ್ಷ ಮಾಡುವ ಕೆಲಸವನ್ನೇ. ಮೂವರು ಯೆಹೂದ್ಯ ಹುಡುಗರನ್ನು ಶಾಲೆಗೆ ಸೇರಿಸಿಕೊಂಡರು. ಬದಲಿ ಹೆಸರು, ತರಗತಿಯಲ್ಲೊಂದು ಸ್ಥಳ, ಮಲಗಲು ಹಾಸಿಗೆ. ಯೆಹೂದ್ಯ ಸಸ್ಯವಿಜ್ಞಾನಿಯೊಬ್ಬರಿಗೆ ಅಧ್ಯಾಪಕ ಹುದ್ದೆಯನ್ನೂ ಕೊಟ್ಟರು. ಸದ್ಗುಣವು ಅಭ್ಯಾಸದಿಂದ ಬೆಳೆಯುತ್ತದೆಂದು ಗುರುಮಠದಲ್ಲಿ ಅರಿಸ್ಟಾಟಲನಿಂದ ನಾವೂ ಕಲಿತೆವು. ಪರೀಕ್ಷೆಯಲ್ಲಿ ಬರೆದು ಮರೆತವರೇ ಹೆಚ್ಚು.

1944ರ ಜನವರಿ 15ರಂದು ಗೆಸ್ಟಾಪೊ ಪೊಲೀಸರು ಬಂದರು. ಬಂಧಿತರಾಗಿ ಹೊರಟ ಗುರುಗಳು ಅಂಗಳದಲ್ಲಿ ನಿಂತಿದ್ದ ಮಕ್ಕಳಿಗೆ ಹೋಗಿಬರುತ್ತೇನೆಂದು ಹೇಳಿದ ಮಾತೇ ಚಿತ್ರದ ಹೆಸರಾಯಿತು. ಆ ಮೂವರು ಹುಡುಗರು ಫೆಬ್ರವರಿಯಲ್ಲಿ ಔಷ್ವಿಟ್ಜ್ ಶಿಬಿರದಲ್ಲಿ ಹತರಾದರು. ಗುರುಗಳ ಆಶ್ರಯ ಅವರನ್ನು ಉಳಿಸಲಿಲ್ಲ. ಇದನ್ನು ಮರೆಮಾಚಿ ಅವರ ಚರಿತ್ರೆ ಬರೆಯಲಾಗದು.

ಆಸ್ಟ್ರಿಯಾದ ಮೌತ್‌ಹೌಸೆನ್, ಗೂಸೆನ್ ಶಿಬಿರಗಳಲ್ಲಿ ಅವರು ತಮ್ಮ ಪಾಲಿನ ರೊಟ್ಟಿಯನ್ನು ಹಂಚಿದರು. ಗುಟ್ಟಾಗಿ ಪಾಪನಿವೇದನೆ ಕೇಳಿದರು. 1945ರ ಮೇ 5ರಂದು ಬಿಡುಗಡೆ ದೊರೆತಾಗ ಕ್ಷಯರೋಗದಿಂದ ಅಸ್ಥಿಪಂಜರವಾಗಿದ್ದರು. ಆದರೂ ಉಳಿದ ಫ್ರೆಂಚ್ ಕೈದಿಗಳು ಊರಿಗೆ ಹೊರಡದೆ ತಾವು ಹೊರಡಲೊಪ್ಪಲಿಲ್ಲ. ಜೂನ್ 2ರಂದು ಲಿಂಟ್ಸ್ ನಗರದಲ್ಲಿ ತೀರಿಕೊಂಡರು. ಅವರ ದೇಹವನ್ನು ಆವೋಂಗೆ ತಂದು ಸಮಾಧಿ ಮಾಡಲಾಯಿತು.