ವಿಲಿಯಂ ಕೇರಿಯ ಪಂಕ್ತಿ

ಕನ್ನಡ ವ್ಯಾಕರಣದ ಇತಿಹಾಸವನ್ನು ತರಗತಿಯಲ್ಲಿ ಹೇಳುವಾಗ, ಕೇಶಿರಾಜ ಭಟ್ಟಾಕಳಂಕರನ್ನು ದಾಟಿ ಹತ್ತೊಂಬತ್ತನೆಯ ಶತಮಾನಕ್ಕೆ ಬಂದೊಡನೆ, 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಕರ್ಣಾಟಕ ಭಾಷೆಯ ವ್ಯಾಕರಣವೊಂದನ್ನು ಹೆಸರಿಸಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಅದರ ಕರ್ತೃ ವಿಲಿಯಂ ಕೇರಿ. ನಾನೂ ಹಲವು ವರ್ಷ ಹೀಗೆಯೇ ಮಾಡಿದೆ. ಒಮ್ಮೆ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಹೂಗ್ಲಿ ನದಿಯ ದಡದಲ್ಲಿದ್ದ ಇಂಗ್ಲಿಷ್ ಪಾದ್ರಿಗೆ ಕನ್ನಡದ ಗೊಡವೆ ಏಕೆ ಎಂದು ಕೇಳಿದ. ಉತ್ತರವನ್ನು ಅರಸಹೊರಟ ನನಗೆ ವೈಯಾಕರಣನ ಹಿಂದೆ ನಿಂತಿದ್ದ ಬೇರೊಬ್ಬ ಕೇರಿ ಕಾಣಿಸಿದ. ದೇವರ ಮನೆಯವರು ಯಾರು, ಆ ಮನೆಯ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆ ಆತನನ್ನು ಬಾಳಿನುದ್ದಕ್ಕೂ ಬೆನ್ನಟ್ಟಿತ್ತು.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ. ತಂದೆ ಮೊದಲು ನೇಕಾರ. ಆಮೇಲೆ ಊರ ಶಾಲೆಯ ಉಪಾಧ್ಯಾಯ, ಚರ್ಚಿನ ಗುಮಾಸ್ತ. ಹುಡುಗ ಕಲಿತ ಕಸುಬು ಪಾದರಕ್ಷೆ ಹೊಲಿಯುವುದು. ಆ ದೇಶದಲ್ಲಿ ರಾಜಾಶ್ರಯವಿದ್ದ ಆಂಗ್ಲಿಕನ್ ಸಭೆಯಲ್ಲಿ ಹುಟ್ಟಿದ ಕೂಸಿಗೆ ನೀರು ಚಿಮುಕಿಸಿ ಹೆಸರಿಟ್ಟರೆ ಅದು ಕ್ರೈಸ್ತನಾಯಿತೆಂದು ಲೆಕ್ಕ. ಕೇರಿಗೂ ಹಾಗೆಯೇ ಆಗಿತ್ತು. ಆದರೆ ಜೊತೆಯಲ್ಲಿ ಕಸುಬು ಕಲಿಯುತ್ತಿದ್ದ ಜಾನ್ ವಾರ್ ಎಂಬ ತರುಣ ಆ ಸಭೆಗೆ ಹೊರಗಾದ ಪಂಥದವನು. ಅವನೊಡನೆ ನಡೆದ ವಾದವಿವಾದಗಳು ಕೇರಿಯ ಮನಸ್ಸನ್ನು ಕಲಕಿದುವು. ಕ್ರಮೇಣ ಆತ ಬ್ಯಾಪ್ಟಿಸ್ಟರ ಕಡೆಗೆ ಒಲಿದ.

ಬ್ಯಾಪ್ಟಿಸ್ಟರ ಮತವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಧರ್ಮವೆಂಬುದು ತಂದೆಯಿಂದ ಮಗನಿಗೆ ಬರುವ ಆಸ್ತಿಯಲ್ಲ ಎಂಬುದೇ ಅದರ ಬುನಾದಿ. ಕೂಸಿಗೆ ನಂಬಿಕೆಯಿರದು; ನಂಬಿಕೆಯಿಲ್ಲದವರಿಗೆ ದೀಕ್ಷಾಸ್ನಾನವೂ ಸಲ್ಲದು. ತಿಳಿದು, ಪಶ್ಚಾತ್ತಾಪಪಟ್ಟು, ತನ್ನ ನಂಬಿಕೆಯನ್ನು ತನ್ನ ಬಾಯಿಂದಲೇ ಒಪ್ಪಿಕೊಂಡವನನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತಬೇಕು. ಅಂಥವರು ಕೂಡಿದ ಗುಂಪೇ ಸಭೆ. ಹೊಸಬನನ್ನು ಸೇರಿಸಿಕೊಳ್ಳುವವರೂ, ಬೋಧಕನನ್ನು ಆರಿಸುವವರೂ, ದಾರಿ ತಪ್ಪಿದವನನ್ನು ತಿದ್ದುವವರೂ, ತಿದ್ದಿಕೊಳ್ಳದವನನ್ನು ಹೊರಗಿಡುವವರೂ ಆ ಸದಸ್ಯರೇ. ಯೇಸುವಿನ ಕಡೆಯ ಊಟದ ನೆನಪಿಗಾಗಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಪ್ರಭುಭೋಜನ ಆ ಕೂಟದ ಸಹಪಂಕ್ತಿ.

1783ರ ಅಕ್ಟೋಬರ್ 5ರ ಮುಂಜಾನೆ ನಾರ್ತಾಂಪ್ಟನ್ನಿನ ನೆನ್ ನದಿಯಲ್ಲಿ ಜಾನ್ ರೈಲೆಂಡ್ ಎಂಬ ಬೋಧಕ ಕೇರಿಗೆ ದೀಕ್ಷಾಸ್ನಾನ ಮಾಡಿಸಿದ. ಆ ದಿನ ಅವನ ಕಣ್ಣಿಗೆ ಕೇರಿ ಒಬ್ಬ ಬಡ ಚಮ್ಮಾರ, ಅಷ್ಟೆ. ಮುಂದೆ ಓಲ್ನಿ ಎಂಬ ಊರಿನ ಸಭೆಗೆ ಕೇರಿ ಸೇರಿದ. ಬೋಧಕನಾಗುವ ಆಸೆಯಿಂದ 1785ರಲ್ಲಿ ಆ ಸಭೆಯ ಮುಂದೆ ಉಪದೇಶ ಮಾಡಿದಾಗ, ಅಲ್ಲಿಯ ಸಾಮಾನ್ಯ ಜನ ಅದನ್ನು ಕೇಳಿ, ಇನ್ನೂ ಪಳಗಬೇಕು ಎಂದು ತೀರ್ಮಾನಿಸಿದರು. ಮರುವರ್ಷವಷ್ಟೇ ಒಪ್ಪಿಗೆ ಕೊಟ್ಟರು. ಮುಂದೆ ನಲವತ್ತಕ್ಕೆ ಹತ್ತಿರದ ಭಾಷೆಗಳ ಅಚ್ಚಿನ ಕೆಲಸಕ್ಕೆ ಹೆಗಲು ಕೊಡಲಿದ್ದ ಪಂಡಿತ ಹಳ್ಳಿಗರ ಆ ತೀರ್ಪಿಗೆ ತಲೆಬಾಗಿದನೆಂಬುದು ನನಗೆ ಆತನ ಪಾಂಡಿತ್ಯಕ್ಕಿಂತ ದೊಡ್ಡದಾಗಿ ತೋರುತ್ತದೆ.

1789ರಲ್ಲಿ ಆತ ಲೆಸ್ಟರ್ ನಗರದ ಹಾರ್ವೆ ಲೇನ್ ಸಭೆಗೆ ಬೋಧಕನಾಗಿ ಹೋದ. ಅಲ್ಲಿ ಸದಸ್ಯರ ನಡತೆ ಕೆಟ್ಟಿತ್ತು, ಹಿರಿಯರಲ್ಲೇ ಕುಡಿತವಿತ್ತು. ನಂಬಿದವನಿಗೆ ನೀತಿಯ ಕಟ್ಟಳೆ ಬೇಡವೆನ್ನುವವರೂ ಇದ್ದರು. ಒಬ್ಬೊಬ್ಬರನ್ನೇ ತಿದ್ದಲು ಹೆಣಗಿ ಸೋತ ಕೇರಿ ಮರುವರ್ಷ ಒಂದು ದಿಟ್ಟ ಹೆಜ್ಜೆಯಿಟ್ಟ. ಇಡೀ ಸದಸ್ಯತ್ವವನ್ನೇ ವಿಸರ್ಜಿಸಿ, ಕ್ರಿಸ್ತನ ಬೋಧೆಯಂತೆ ನಡೆಯುತ್ತೇವೆಂದು ಒಡಂಬಡಿಕೆಗೆ ಸಹಿ ಹಾಕಿದವರನ್ನಷ್ಟೇ ಸೇರಿಸಿ ಸಭೆಯನ್ನು ಹೊಸದಾಗಿ ಕಟ್ಟಿದ. ನಂಬಿಕೆ ನಡೆಯಲ್ಲಿ ಕಾಣದಿದ್ದರೆ ಸದಸ್ಯತ್ವ ಬರಿಯ ಹೆಸರು ಎಂಬುದು ಆತನ ನಿಲುವು.

ತಿಳಿದು ಒಪ್ಪುವುದೇ ಧರ್ಮವಾದರೆ, ತಿಳಿಯುವ ಅವಕಾಶ ಲೋಕದ ಎಲ್ಲರಿಗೂ ಬೇಡವೆ? ಇದನ್ನೇ ವಾದಿಸಿ 1792ರಲ್ಲಿ ಕೇರಿ ಪುಸ್ತಕವೊಂದನ್ನು ಪ್ರಕಟಿಸಿದ. ಅದೇ ಅಕ್ಟೋಬರ್ 2ರಂದು ಕೆಟರಿಂಗ್ ಊರಿನಲ್ಲಿ ಕೆಲವೇ ಬೋಧಕರು ಸೇರಿ, 13 ಪೌಂಡು ಚಿಲ್ಲರೆ ಹಣದ ವಾಗ್ದಾನದಿಂದ ಮಿಷನ್ ಸಂಘವನ್ನು ಸ್ಥಾಪಿಸಿದರು. ಮರುವರ್ಷ ಜಾನ್ ಥಾಮಸ್ ಎಂಬ ವೈದ್ಯನೊಡನೆ ಕೇರಿ ಬಂಗಾಳಕ್ಕೆ ಹೊರಟ.

ಇಲ್ಲಿ ಆತನ ಬಾಳಿನ ನೆರಳನ್ನು ಮುಚ್ಚಿಡಬಾರದು. ಹೆಂಡತಿ ಡಾರತಿ ಮದುವೆಯ ದಾಖಲೆಯಲ್ಲಿ ಹೆಸರು ಬರೆಯಲೂ ಅರಿಯದ ಹಳ್ಳಿಯ ಹೆಣ್ಣು. ಭಾರತಕ್ಕೆ ಬರಲಾರೆನೆಂದು ಆಕೆ ಸ್ಪಷ್ಟವಾಗಿ ಹೇಳಿದ್ದಳು. ಹಡಗು ತಡವಾದಾಗ ಕೇರಿಯೂ ಥಾಮಸನೂ ಮನೆಗೆ ಮರಳಿ ಒತ್ತಾಯಿಸಿದರು. ಬರದಿದ್ದರೆ ಮುಂದೆ ಪರಿತಪಿಸಬೇಕಾದೀತೆಂದು ಥಾಮಸ್ ಹೆದರಿಸಿದ. ತಂಗಿಯೂ ಜೊತೆಗೆ ಬರುವುದಾದರೆ ಎಂದು ಆಕೆ ಒಪ್ಪಿದಳು. ಆತ್ಮದ ವಿಷಯದಲ್ಲಿ ಬಲವಂತ ಸಲ್ಲದೆಂದು ನಂಬಿದ್ದವನು ಹೆಂಡತಿಯ ಮನಸ್ಸಿನ ವಿಷಯದಲ್ಲಿ ಅದನ್ನು ಮರೆತ. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಜಾತಿಯ ಭಯದಿಂದ ಮಗುವಿನ ಶವಸಂಸ್ಕಾರಕ್ಕೆ ಜನ ಸಿಗುವುದೇ ದುಸ್ತರವಾಯಿತು. ಗುಂಡಿ ತೋಡಲು ಬಂದವರಿಗೂ ಊರಿನ ಬಹಿಷ್ಕಾರದ ಬೆದರಿಕೆ. ಆ ಬಳಿಕ ಡಾರತಿಯ ಬುದ್ಧಿ ಸ್ಥಿಮಿತ ತಪ್ಪಿತು. 1807ರಲ್ಲಿ ಕಣ್ಣು ಮುಚ್ಚುವವರೆಗೆ ಅದು ನೆಟ್ಟಗಾಗಲಿಲ್ಲ.

1800ರ ಜನವರಿಯಲ್ಲಿ ಕೇರಿ ಡೇನರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರಕ್ಕೆ ಬಂದ. ಅಲ್ಲಿ ಜಾಷುವ ಮಾರ್ಷ್‌ಮನ್, ವಿಲಿಯಂ ವಾರ್ಡ್ ಜೊತೆಗೂಡಿದರು. ಒಂದೇ ಮನೆ, ಒಂದೇ ಅಡಿಗೆ, ಒಂದೇ ಹಣದ ಪೆಟ್ಟಿಗೆ. ಶನಿವಾರ ಸಂಜೆ ಎಲ್ಲರೂ ಕುಳಿತು ವಾರದ ಮನಸ್ತಾಪಗಳನ್ನು ಮಾತಾಡಿ ತೀರಿಸಿಕೊಳ್ಳಬೇಕು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿಯನ್ನೂ ಸಂಸ್ಕೃತವನ್ನೂ ಕಲಿಸಿ ಕೇರಿ ತಂದ ಸಂಬಳದ ಬಹುಭಾಗ ಆ ಪೆಟ್ಟಿಗೆಗೇ ಸೇರಿತು.

ಆ ವರ್ಷಾಂತ್ಯದಲ್ಲಿ ಆ ಮನೆಯ ಪಂಕ್ತಿಗೆ ಪರೀಕ್ಷೆ ಬಂತು. ಕೃಷ್ಣ ಪಾಲ್ ಎಂಬ ಬಡಗಿ ಜಾರಿ ಬಿದ್ದು ತೋಳು ತಪ್ಪಿಸಿಕೊಂಡಿದ್ದ. ಥಾಮಸ್ ಅದನ್ನು ಕೂಡಿಸಿದ. ಹೀಗೆ ಬೆಳೆದ ಪರಿಚಯ ನಂಬಿಕೆಯವರೆಗೆ ಹೋಯಿತು. ಡಿಸೆಂಬರ್ 22ರಂದು ಕೃಷ್ಣನೂ ಗೋಕುಲನೆಂಬ ಗೆಳೆಯನೂ ಮಿಷನರಿಗಳೊಡನೆ ಎಲ್ಲರಿಗೂ ಕಾಣುವಂತೆ ಕುಳಿತು ಉಂಡರು. ಸಹಭೋಜನವೆಂದರೆ ಜಾತಿಯನ್ನು ಕಳೆದುಕೊಂಡಂತೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಾರು ಜನ ಗುಂಪುಗೂಡಿ ಅವರನ್ನು ನ್ಯಾಯಾಧಿಕಾರಿಯ ಬಳಿಗೆ ಎಳೆದೊಯ್ದರು. ಆತ ಬಿಡುಗಡೆ ಮಾಡಿದ. ಗೋಕುಲ ಆಗ ಹಿಂಜರಿದ; ಕೃಷ್ಣ ನಿಂತ. ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿ ತನ್ನ ಮಗ ಫೆಲಿಕ್ಸನಿಗೂ ಕೃಷ್ಣ ಪಾಲನಿಗೂ ದೀಕ್ಷಾಸ್ನಾನ ಮಾಡಿಸಿದ. ಪಾದ್ರಿಯ ಮಗನಿಗೂ ನದಿಯೇ, ಬಡಗಿಗೂ ಅದೇ ನದಿ. ಆ ಹೊತ್ತಿನಲ್ಲಿ ಮನೆಯೊಳಗೆ ಡಾರತಿ ಕೋಣೆಯಲ್ಲಿ ಬಂಧಿತೆ; ಏಳು ವರ್ಷದ ಕಾಯುವಿಕೆ ಫಲಿಸಿದ ಹರ್ಷದಲ್ಲಿ ಥಾಮಸನಿಗೂ ಬುದ್ಧಿಭ್ರಮಣೆಯಾಗಿತ್ತು. ಆ ಮಧ್ಯಾಹ್ನ ಅಲ್ಲಿ ಮೊದಲ ಬಾರಿಗೆ ಬಂಗಾಳಿ ಭಾಷೆಯಲ್ಲಿ ಪ್ರಭುಭೋಜನ ನಡೆಯಿತು.

ದಕ್ಷಿಣದ ತರಂಗಂಬಾಡಿಯ ಹಳೆಯ ಮಿಷನ್ ಸಭೆಗಳಲ್ಲಿ ಮೇಲುಜಾತಿಯವರೂ ಕೀಳೆನಿಸಿಕೊಂಡವರೂ ಬೇರೆ ಬೇರೆ ಕೂರುವ ರೂಢಿ ಉಳಿದಿತ್ತು. ಶ್ರೀರಾಮಪುರದವರು ಅದಕ್ಕೆ ಎಡೆಗೊಡಲಿಲ್ಲ. ಬ್ರಾಹ್ಮಣನಾಗಿ ಬಂದವನು ಜನಿವಾರವನ್ನು ಕಿತ್ತೆಸೆಯಲೇಬೇಕೆಂದು ಮೊದಮೊದಲು ಹಟ ಹಿಡಿಯಲಿಲ್ಲ; ಆದರೆ ಪ್ರಭುಭೋಜನದಲ್ಲಿ ಬಟ್ಟಲು ಒಂದೇ. 1803ರಲ್ಲಿ ಬ್ರಾಹ್ಮಣನಾದ ಕೃಷ್ಣಪ್ರಸಾದ ಬಡಗಿ ಕೃಷ್ಣ ಪಾಲನ ಮಗಳ ಕೈಹಿಡಿದ. ಅದೇ ವರ್ಷ, ಹಿಂಜರಿದಿದ್ದ ಗೋಕುಲ ಸಭೆಗೆ ಸೇರಿ ತೀರಿಕೊಂಡಾಗ, ಶವಕ್ಕೆ ಹೆಗಲು ಕೊಟ್ಟವರು ಮಾರ್ಷ್‌ಮನ್, ಫೆಲಿಕ್ಸ್, ಬ್ರಾಹ್ಮಣನಾಗಿದ್ದವನೊಬ್ಬ, ಮುಸಲ್ಮಾನನಾಗಿದ್ದವನೊಬ್ಬ. ಮಗನ ಶವಕ್ಕೆ ಜನ ಸಿಗದೆ ಕಂಗೆಟ್ಟಿದ್ದ ತಂದೆಗೆ ಆ ದೃಶ್ಯ ಏನಾಗಿ ಕಂಡಿದ್ದೀತು!

ಕನ್ನಡಿಗರಾದ ನಮಗೆ ಇಲ್ಲಿ ಕಲ್ಯಾಣ ನೆನಪಾಗದಿರದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಲಗ್ನ, ಅದಕ್ಕೆ ತಂದೆಗಳು ತೆತ್ತ ಬೆಲೆ ನಮ್ಮ ಪರಂಪರೆಯ ಕಥೆ. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಹುಟ್ಟನ್ನು ಬಿಟ್ಟು ದೀಕ್ಷೆಯನ್ನು ಹಿಡಿದವರಿಗೆಲ್ಲ ಊಟದ ಎಲೆಯೂ ಮದುವೆಯ ಚಪ್ಪರವೂ ತಪ್ಪದ ಪರೀಕ್ಷೆಗಳೆಂಬುದಷ್ಟೇ ನನ್ನ ಮಾತು.

ಆದರೆ ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರಿಯ ಸ್ತೋತ್ರವಾಗುತ್ತಿತ್ತು. ಕೂಸಾಗಿದ್ದಾಗ ನೀರು ಚಿಮುಕಿಸಿಕೊಂಡ ಇತರ ಪಂಥದ ಕ್ರೈಸ್ತರು ಈ ಪಂಕ್ತಿಗೆ ಬರಬಹುದೆ? ಬ್ಯಾಪ್ಟಿಸ್ಟರಲ್ಲಿ ಇದು ಹಳೆಯ ಜಗಳ. ಬೆಡ್‌ಫರ್ಡಿನ ಜಾನ್ ಬನ್ಯನ್ 1673ರಲ್ಲೇ ಬರಬಹುದೆಂದು ವಾದಿಸಿದ್ದ. ಶ್ರೀರಾಮಪುರದಲ್ಲಿ ವಾರ್ಡನ ಒಲವೂ ಅತ್ತಲೇ. ಕೆಲವು ವರ್ಷ ಬಾಗಿಲು ತೆರೆದೇ ಇತ್ತು. ಇಂಗ್ಲೆಂಡಿನಲ್ಲಿದ್ದ ಸಂಘದ ಕಾರ್ಯದರ್ಶಿ ಆಂಡ್ರೂ ಫುಲ್ಲರ್ ಇದನ್ನು ಒಪ್ಪಲಿಲ್ಲ. ಸ್ನಾನ ಮೊದಲು, ಭೋಜನ ಆಮೇಲೆ; ಕೂಸಿನ ಸ್ನಾನ ಸ್ನಾನವೇ ಅಲ್ಲ; ಆದುದರಿಂದ ಅವರಿಗೆ ಭೋಜನವಿಲ್ಲ ಎಂಬ ತರ್ಕ ಅವನದು. 1811ರಲ್ಲಿ ಶ್ರೀರಾಮಪುರ ಬಾಗಿಲು ಹಾಕಿತು, ವಾರ್ಡ್ ನೊಂದುಕೊಂಡ. ಜಾತಿಯ ಗೆರೆಯನ್ನು ಅಳಿಸಿದ ಕೈಗಳೇ ನೀರಿನ ಗೆರೆಯೊಂದನ್ನು ಎಳೆದುವು. ಇತ್ತ ಕೇರಿ ಒಡಂಬಡಿಕೆಯ ಮೇಲೆ ಮರಳಿ ಕಟ್ಟಿದ್ದ ಲೆಸ್ಟರಿನ ಸಭೆಯಲ್ಲಿಯೇ, ಆತನ ನಂತರದ ಬೋಧಕರಲ್ಲಿ ಒಬ್ಬನಾದ ರಾಬರ್ಟ್ ಹಾಲ್ 1815ರಲ್ಲಿ ತೆರೆದ ಪಂಕ್ತಿಯ ಪರವಾಗಿ ಗ್ರಂಥ ಬರೆದ.

ಫುಲ್ಲರನ ತರ್ಕದಲ್ಲಿ ಬಿರುಕು ಹುಡುಕುವುದು ಸುಲಭವಲ್ಲ. ಪ್ರತಿಜ್ಞೆಯಿಲ್ಲದ ಸದಸ್ಯತ್ವ ಏನಾಗುವುದೆಂಬುದನ್ನು ಕೇರಿ ಲೆಸ್ಟರಿನಲ್ಲಿ ಕಣ್ಣಾರೆ ಕಂಡಿದ್ದ. ಆದರೂ ಹುಟ್ಟು ತಂದ ಗೆರೆಯನ್ನು ಅಳಿಸುವುದಕ್ಕಿಂತ ನಂಬಿಕೆ ತಾನೇ ಎಳೆದ ಗೆರೆಯನ್ನು ಅಳಿಸುವುದು ಕಷ್ಟವೆಂದು ನನಗೆ ತೋರುತ್ತದೆ. ಮೊದಲನೆಯದು ಅನ್ಯಾಯವೆಂದು ಕಣ್ಣಿಗೆ ಕಾಣುತ್ತದೆ. ಎರಡನೆಯದು ನಿಷ್ಠೆಯ ವೇಷದಲ್ಲಿ ಬರುತ್ತದೆ. ಜಾತಿಯನ್ನು ತೊರೆದು ಬಂದವರೇ ಮುಂದೆ ಮತ್ತೊಂದು ಜಾತಿಯಂತೆ ನಿಲ್ಲುವ ಇತಿಹಾಸ ನಮ್ಮ ನಾಡಿಗೂ ಹೊಸದಲ್ಲ.

1812ರ ಮಾರ್ಚ್ 11ರಂದು ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಎಷ್ಟೋ ಹಸ್ತಪ್ರತಿಗಳು ಸುಟ್ಟುಹೋದುವು. ಐವತ್ತು ದಾಟಿದ ಕೇರಿ ಮತ್ತೆ ಮೊದಲಿನಿಂದ ಬರೆಯಲು ಕುಳಿತ. ತೆಲುಗಿನ ವ್ಯಾಕರಣ 1814ರಲ್ಲಿ, ನಮ್ಮದು 1817ರಲ್ಲಿ ಹೊರಬಂದುವು. 1818ರಲ್ಲಿ ಮೂವರು ಗೆಳೆಯರೂ ಸೇರಿ ಕಾಲೇಜು ತೆರೆದರು. ಅಲ್ಲಿ ಜಾತಿಮತಗಳನ್ನು ಕೇಳದೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರು. ಪ್ರಭುಭೋಜನಕ್ಕೆ ಹಾಕಿದ ಬಾಗಿಲನ್ನು ವಿದ್ಯೆಗೆ ಹಾಕಲಿಲ್ಲ. ಕೃಷ್ಣ ಪಾಲ್ ಹಲವು ವರ್ಷ ಬೋಧಕನಾಗಿ ದುಡಿದು 1822ರಲ್ಲಿ ತೀರಿಕೊಂಡ. 1834ರ ಜೂನ್ 9ರಂದು ಕೇರಿಯೂ ಶ್ರೀರಾಮಪುರದ ಮಣ್ಣು ಸೇರಿದ.

ಆ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಈಗ ನನ್ನಲ್ಲಿದೆ. ಒಬ್ಬನ ನಂಬಿಕೆಯನ್ನು ಇನ್ನೊಬ್ಬ ಒಪ್ಪಿಕೊಳ್ಳಲಾಗದು ಎಂದು ತಿಳಿದವನಿಗೆ, ಪ್ರತಿಯೊಬ್ಬನಿಗೂ ಅವನವನ ಭಾಷೆಯಲ್ಲೇ ಹೇಳಬೇಕಾಗುತ್ತದೆ. ಬಂಗಾಳದ ಪಾದ್ರಿಗೆ ಕನ್ನಡದ ಗೊಡವೆ ಬಂದುದು ಹೀಗೆ. ಆತ ಹೇಳಿದ್ದನ್ನು ಒಪ್ಪುವುದು, ಬಿಡುವುದು ಕೇಳುವವನ ಇಷ್ಟ. ಆ ಇಷ್ಟಕ್ಕೆ ಬೆಲೆ ಕೊಟ್ಟ ಮತವೇ ಆತನದು. ಆ ಬೆಲೆ ಡಾರತಿಗೂ ಸಿಕ್ಕಿದ್ದರೆ ಎಂಬ ನೋವು ಮಾತ್ರ ಆ ವ್ಯಾಕರಣದ ಹೆಸರು ಹೇಳುವಾಗಲೆಲ್ಲ ನನ್ನಲ್ಲಿ ಉಳಿಯುತ್ತದೆ.