ಕಂಬಿ ತೆಗೆದ ಹ್ಯಾಗೆನ್‌ಬೆಕ್

ಮೃಗಾಲಯದಲ್ಲಿ ಹುಲಿಗೂ ನಮಗೂ ನಡುವೆ ಕಬ್ಬಿಣದ ಕಂಬಿಯಿಲ್ಲದೆ ಬರಿಯ ಕಂದಕವಿರುವುದನ್ನು ಕಂಡು ಬೆರಗಾದವರು ನಮ್ಮಲ್ಲಿ ಅನೇಕರಿರಬಹುದು. ಈ ಏರ್ಪಾಟನ್ನು ಜಗತ್ತಿನಲ್ಲಿ ಪ್ರಸಿದ್ಧಿಗೆ ತಂದವನು ಜರ್ಮನಿಯ ಹ್ಯಾಂಬರ್ಗ್ ನಗರದ ಕಾರ್ಲ್ ಹ್ಯಾಗೆನ್‌ಬೆಕ್.

ಆತನು ಹುಟ್ಟಿದ್ದು 1844ರಲ್ಲಿ, ಮೀನು ವ್ಯಾಪಾರಿಯ ಮನೆಯಲ್ಲಿ. 1848ರಲ್ಲಿ ಬೆಸ್ತರು ಬಲೆಗೆ ಬಿದ್ದ ಆರು ಸೀಲುಗಳನ್ನು ಅವನ ತಂದೆಗೆ ತಂದೊಪ್ಪಿಸಿದರು. ತಂದೆಯು ಅವನ್ನು ಮರದ ತೊಟ್ಟಿಗಳಲ್ಲಿಟ್ಟು, ನೋಡಬಂದವರಿಂದ ಕಾಸು ಪಡೆದನು. ಅಲ್ಲಿಂದ ಮನೆತನದ ಕಸುಬೇ ಬದಲಾಯಿತು. ಮಗನಿಗೆ ಶಾಲೆಯ ಓದು ದಕ್ಕಿದ್ದು ಅಲ್ಪ. ಪ್ರಾಣಿಗಳ ವಿಷಯದಲ್ಲಿ ಮಾತ್ರ ಅವನಿಗೆ ಸಮಾನರು ವಿರಳ. 1866ರಲ್ಲಿ ವ್ಯಾಪಾರವು ಅವನ ಕೈಸೇರಿತು. ಆಫ್ರಿಕದ ಆನೆ, ಜಿರಾಫೆ, ಸಿಂಹಗಳನ್ನು ಯುರೋಪಿನ ಮೃಗಾಲಯಗಳಿಗೂ ಸರ್ಕಸ್ಸುಗಳಿಗೂ ಒದಗಿಸತೊಡಗಿದನು. ಆನೆಮರಿ ಹಿಡಿಯಬೇಕಾದರೆ ಕಾಯುತ್ತಿದ್ದ ದೊಡ್ಡ ಆನೆಗಳನ್ನು ಎಷ್ಟೋ ಸಲ ಕೊಲ್ಲಬೇಕಾಗುತ್ತಿತ್ತು. ಹೊಡೆದು ಬಡಿದು ಪ್ರಾಣಿಗಳನ್ನು ಪಳಗಿಸುವುದನ್ನು ವಿರೋಧಿಸಿ, ಮಾಂಸದ ತುಣುಕು ಕೊಟ್ಟು ಕಲಿಸಿದವನೂ ಇವನೇ ಎಂದರೆ ಆಶ್ಚರ್ಯವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಆತನು ಮನುಷ್ಯರನ್ನೂ ಪ್ರದರ್ಶಿಸಿದನು. 1880ರಲ್ಲಿ ಲ್ಯಾಬ್ರಡಾರಿನಿಂದ ಎಂಟು ಮಂದಿ ಇನ್ಯೂಟ್ ಜನರನ್ನು ಅವನ ಕಡೆಯವರು ಕರೆತಂದರು. ಅವರಿಗೆ ದೇವಿ ಹಾಕಿಸಿರಲಿಲ್ಲ. ಸಿಡುಬು ತಗುಲಿ, ಐದು ತಿಂಗಳು ತುಂಬುವ ಮೊದಲೇ, ಹಸುಗೂಸೂ ಸೇರಿ ಎಂಟು ಮಂದಿಯೂ ಸತ್ತರು. ಅವರಲ್ಲಿ ಅಬ್ರಹಾಮನೆಂಬುವನು ದಿನಚರಿ ಬರೆದಿಟ್ಟಿದ್ದರಿಂದ ಅವರ ಸಂಕಟ ನಮಗೆ ತಿಳಿದಿದೆ. ಜನರ ಪ್ರದರ್ಶನ ಅಷ್ಟಕ್ಕೇ ನಿಲ್ಲಲಿಲ್ಲ.

ಸಿಂಹ, ಹುಲಿಗಳು ಎಷ್ಟು ದೂರ ನೆಗೆಯಬಲ್ಲವೆಂದು ಪರೀಕ್ಷಿಸಿ, ಅದಕ್ಕಿಂತ ಅಗಲವಾದ ಕಂದಕ ತೋಡಿಸುವ ಉಪಾಯಕ್ಕೆ 1896ರಲ್ಲಿ ಪೇಟೆಂಟ್ ಪಡೆದನು. 1907ರಲ್ಲಿ ಸ್ಟೆಲ್ಲಿಂಗೆನ್ ಎಂಬಲ್ಲಿ ಅವನ ಮೃಗಾಲಯವು ತೆರೆಯಿತು. ಮುಂದೆ ಕೊಳ, ಅದರಾಚೆ ಮೇಯುವ ಪ್ರಾಣಿಗಳು, ಅದರ ಹಿಂದೆ ಸಿಂಹ, ಕೊನೆಗೆ ಕೃತಕ ಬಂಡೆಗಳು. ಕಂದಕಗಳು ಕಣ್ಣಿಗೆ ಬೀಳವು. ಇಕ್ಕಟ್ಟಾದ ಪಂಜರದಲ್ಲಿದ್ದ ಪ್ರಾಣಿಗಳಿಗೆ ಬಿಸಿಲು, ಗಾಳಿ, ಓಡಾಡಲು ಜಾಗ ದೊರೆತದ್ದು ನಿಜವಾದ ಉಪಕಾರ. ಆದರೆ ಕಂಬಿ ಹೋದದ್ದು ನೋಡುವವನ ಕಣ್ಣಿನಿಂದ ಎಂದೇ ನನಗೆ ತೋರುತ್ತದೆ. ಕಂದಕದ ಅಂಚಿಗೆ ಬಂದು ನಿಂತ ಸಿಂಹಕ್ಕೆ ಅದು ಗೊತ್ತಿರಲೇಬೇಕು.

ಆದರೂ ಅವನನ್ನು ಸುಲಭವಾಗಿ ತೆಗಳಲಾರೆ. ಕಾರಣ ಒಂದು ಕುದುರೆ. 1901ರಲ್ಲಿ ಅವನ ಜನರು ಮಂಗೋಲಿಯದ ಪ್ರಝೆವಾಲ್ಸ್ಕಿ ಎಂಬ ಕಾಡುಕುದುರೆಯ ಮರಿಗಳನ್ನು ಬೆನ್ನಟ್ಟಿ ಹಿಡಿದರು. ಹಲವು ದಾರಿಯಲ್ಲೇ ಸತ್ತು, 28 ಮರಿಗಳು ಹ್ಯಾಂಬರ್ಗ್ ಮುಟ್ಟಿದವು. ಹ್ಯಾಗೆನ್‌ಬೆಕ್ 1913ರಲ್ಲಿ ತೀರಿಕೊಂಡನು. 1960ರ ದಶಕದ ಕೊನೆಗೆ ಆ ಕುದುರೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಮೃಗಾಲಯಗಳಲ್ಲಿ, ಹದಿನೈದಕ್ಕೂ ಕಡಿಮೆ ಕುದುರೆಗಳ ಸಂತತಿಯಾಗಿ. ಆ ಮೂಲದವುಗಳಲ್ಲಿ ಕೆಲವು ಅವನು ತರಿಸಿದ ಮರಿಗಳೇ. 1992ರಲ್ಲಿ ಆ ಸಂತತಿಯ ಕುದುರೆಗಳನ್ನು ವಿಮಾನದಲ್ಲಿ ಮಂಗೋಲಿಯಕ್ಕೆ ಒಯ್ದು, ಮೊದಲು ಬೇಲಿಯೊಳಗೆ ಒಗ್ಗಿಸಿ, ಆಮೇಲೆ ಹುಲ್ಲುಗಾವಲಿಗೆ ಬಿಡಲಾಯಿತು.