ಗಾಳಿಯಿಂದ ಗೊಬ್ಬರ ತೆಗೆದ ಫ್ರಿಟ್ಜ್ ಹೇಬರ್

ಮಕ್ಕಳೇ, ಗದ್ದೆಗೆ ಎರಚುವ ಬಿಳಿಯ ಯೂರಿಯಾ ಕಾಳುಗಳನ್ನು ನೀವು ನೋಡಿರುತ್ತೀರಿ. ಅದರಲ್ಲಿರುವ ಸಾರಜನಕ ಎಲ್ಲಿಂದ ಬಂತೆಂದು ಯೋಚಿಸಿದ್ದೀರಾ? ಅದು ನಮ್ಮ ಸುತ್ತಲಿನ ಗಾಳಿಯಿಂದಲೇ ಬಂದುದು. ಗಾಳಿಯ ಐದು ಪಾಲಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ಸಾರಜನಕವೇ. ಆದರೂ ಪೈರು ಅದನ್ನು ನೇರವಾಗಿ ಹೀರಿಕೊಳ್ಳಲಾರದು. ಆ ಸಾರಜನಕವನ್ನು ಹಿಡಿದು ಗೊಬ್ಬರಕ್ಕೆ ಒದಗುವಂತೆ ಮಾಡಿದ ವಿಜ್ಞಾನಿ ಫ್ರಿಟ್ಜ್ ಹೇಬರ್. ಅವರ ಬಾಳಿನಲ್ಲಿ ಮೆಚ್ಚುವ ಸಂಗತಿಯೂ ಇದೆ, ಮರುಗುವ ಸಂಗತಿಯೂ ಇದೆ. ಎರಡನ್ನೂ ನೀವು ತಿಳಿಯಬೇಕು.

ಹೇಬರ್ 1868ರ ಡಿಸೆಂಬರ್ 9ರಂದು ಬ್ರೆಸ್ಲೌ ನಗರದ ಒಂದು ಯಹೂದಿ ಮನೆತನದಲ್ಲಿ ಹುಟ್ಟಿದರು. ಆಗ ಪ್ರಷ್ಯಕ್ಕೆ ಸೇರಿದ್ದ ಆ ನಗರ ಇಂದು ಪೋಲೆಂಡ್ ದೇಶದಲ್ಲಿದೆ. ಮಗು ಹುಟ್ಟಿದ ಮೂರು ವಾರಗಳಲ್ಲೇ ತಾಯಿ ತೀರಿಕೊಂಡರು. ತಂದೆ ಬಣ್ಣಗಳ ವ್ಯಾಪಾರಿ. ಆದರೆ ಮಗನ ಒಲವು ವ್ಯಾಪಾರಕ್ಕಿಂತ ರಸಾಯನಶಾಸ್ತ್ರದ ಕಡೆಗೇ ಇತ್ತು. 1891ರಲ್ಲಿ ಡಾಕ್ಟರೇಟ್ ಪಡೆದು, 1894ರಲ್ಲಿ ಅವರು ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯವನ್ನು ಸೇರಿದರು. 1901ರಲ್ಲಿ ಕ್ಲಾರಾ ಇಮ್ಮರ್‌ವಾರ್ ಅವರನ್ನು ವಿವಾಹವಾದರು. ಕ್ಲಾರಾ ಅವರೂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಬ್ರೆಸ್ಲೌ ವಿಶ್ವವಿದ್ಯಾಲಯದಿಂದ ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಆ ಕಾಲದಲ್ಲಿ ಯುರೋಪಿನ ಹೊಲಗಳಿಗೆ ಬೇಕಾದ ನೈಟ್ರೇಟ್ ಗೊಬ್ಬರ ದೂರದ ಚಿಲಿ ದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಆ ನಿಕ್ಷೇಪ ಒಂದು ದಿನ ಮುಗಿದುಹೋಗುವುದೆಂದೂ, ಆಗ ಗೋಧಿಗೆ ಬರ ಬರುವುದೆಂದೂ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ 1898ರಲ್ಲಿ ಎಚ್ಚರಿಸಿದರು. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿದರೆ ಅಮೋನಿಯ ಆಗುತ್ತದೆ; ಅಮೋನಿಯದಿಂದ ಗೊಬ್ಬರ ಮಾಡಬಹುದು. ಇದು ತಿಳಿದಿದ್ದರೂ ಕೈಗೂಡಿಸಲು ಯಾರಿಂದಲೂ ಆಗಿರಲಿಲ್ಲ. ಏಕೆ?

ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಅಕ್ಕಪಕ್ಕದ ಎರಡು ತರಗತಿ ಕೋಣೆಗಳ ನಡುವೆ ಬಾಗಿಲು ತೆರೆದಿದೆ ಎಂದು ಭಾವಿಸಿರಿ. ನಿಮಿಷಕ್ಕೆ ಐದು ಮಕ್ಕಳು ಈ ಕಡೆಯಿಂದ ಆ ಕಡೆಗೆ ಹೋಗುತ್ತಾರೆ. ಐವರು ಆ ಕಡೆಯಿಂದ ಈ ಕಡೆಗೆ ಬರುತ್ತಾರೆ. ಓಡಾಟ ನಿಲ್ಲುವುದಿಲ್ಲ, ಆದರೆ ಪ್ರತಿ ಕೋಣೆಯ ಮಕ್ಕಳ ಸಂಖ್ಯೆ ಬದಲಾಗುವುದೂ ಇಲ್ಲ. ಅಮೋನಿಯದ ಕತೆಯೂ ಹೀಗೆಯೇ. ಸಾರಜನಕ, ಜಲಜನಕಗಳು ಕೂಡಿ ಅಮೋನಿಯ ಆಗುತ್ತಿರುವಾಗಲೇ ಅಮೋನಿಯ ಒಡೆದು ಮತ್ತೆ ಆ ಅನಿಲಗಳೇ ಆಗುತ್ತಿರುತ್ತವೆ. ಎರಡೂ ದಿಕ್ಕಿನ ವೇಗ ಸಮವಾದ ಸ್ಥಿತಿಯೇ ರಾಸಾಯನಿಕ ಸಮತೋಲನ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೇಬರ್ ಪ್ರಯೋಗ ನಡೆಸಿದಾಗ, ಈ ಸಮತೋಲನದಲ್ಲಿ ದೊರೆತ ಅಮೋನಿಯ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ!

ಉಷ್ಣತೆ ಇಳಿಸಿದರೆ ಅಮೋನಿಯದ ಪಾಲು ಹೆಚ್ಚುತ್ತದೆ. ಆದರೆ ಕ್ರಿಯೆಯ ವೇಗ ತಗ್ಗಿ, ಕಾದು ಕುಳಿತರೂ ಏನೂ ಆಗದು. ಈ ಇಕ್ಕಟ್ಟಿನಿಂದ ಪಾರಾಗಲು ಹೇಬರ್ ಮೂರು ಉಪಾಯಗಳನ್ನು ಒಟ್ಟುಗೂಡಿಸಿದರು. ಮೊದಲನೆಯದು ಒತ್ತಡ. ಒಂದು ಅಳತೆ ಸಾರಜನಕ, ಮೂರು ಅಳತೆ ಜಲಜನಕ ಸೇರಿದರೆ ಎರಡೇ ಅಳತೆ ಅಮೋನಿಯ ಆಗುತ್ತದೆ. ಆದ್ದರಿಂದ ಅನಿಲಗಳನ್ನು ಒತ್ತಿ ಹಿಡಿದಷ್ಟೂ ಕ್ರಿಯೆ ಅಮೋನಿಯದ ಕಡೆಗೆ ವಾಲುತ್ತದೆ. ಎರಡನೆಯದು ಕ್ರಿಯಾವರ್ಧಕ. ಅದು ಸಮತೋಲನವನ್ನು ಬದಲಿಸದು, ಅಲ್ಲಿಗೆ ಬೇಗ ತಲಪಿಸುತ್ತದೆ. ಮೂರನೆಯದು, ಉಂಟಾದ ಅಮೋನಿಯವನ್ನು ತಂಪುಗೊಳಿಸಿ ಆಗಿಂದಾಗ್ಗೆ ಹೊರತೆಗೆದು, ಉಳಿದ ಅನಿಲವನ್ನು ಮರಳಿ ಹರಿಸುವುದು.

ಅಷ್ಟು ಒತ್ತಡ ತಾಳುವ ಉಪಕರಣವನ್ನು ಸಹಾಯಕ ರಾಬರ್ಟ್ ಲೆ ರಾಸಿನ್ಯೋಲ್ ಕೈಯಾರೆ ರೂಪಿಸಿದರು. ಕ್ರಿಯಾವರ್ಧಕವಾಗಿ ಆಸ್ಮಿಯಂ ಎಂಬ ಅಪರೂಪದ ಲೋಹ ಒದಗಿತು. 1909ರ ಜುಲೈ 2ರಂದು ಬಿ.ಎ.ಎಸ್.ಎಫ್. ಕಂಪೆನಿಯವರ ಕಣ್ಣೆದುರಿನಲ್ಲೇ ಅಮೋನಿಯ ತೊಟ್ಟು ತೊಟ್ಟಾಗಿ ಇಳಿಯಿತು. ಮುಂದೆ ಆಲ್ವಿನ್ ಮಿಟಾಶ್ ಸಾವಿರಾರು ಪರೀಕ್ಷೆಗಳನ್ನು ನಡೆಸಿ, ಅಗ್ಗದ ಕಬ್ಬಿಣದಿಂದಲೇ ಕ್ರಿಯಾವರ್ಧಕವನ್ನು ಸಿದ್ಧಪಡಿಸಿದರು. ಕಾರ್ಲ್ ಬಾಷ್ ಭಾರಿ ಯಂತ್ರಗಳನ್ನು ನಿರ್ಮಿಸಿದರು. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆ ಆರಂಭವಾಯಿತು. ನಮ್ಮ ಕೇರಳದ ಉದ್ಯೋಗಮಂಡಲದಲ್ಲಿ 1947ರಲ್ಲಿ ಉತ್ಪಾದನೆ ಆರಂಭಿಸಿದ ಫ್ಯಾಕ್ಟ್ ಗೊಬ್ಬರ ಕಾರ್ಖಾನೆಯೂ ಹಿಡಿದುದು ಇದೇ ದಾರಿ. ಇಂದು ಜಗತ್ತಿನ ಅರ್ಧದಷ್ಟು ಜನರ ಅನ್ನ ಈ ವಿಧಾನವನ್ನು ಅವಲಂಬಿಸಿದೆ ಎಂದು ಅಂದಾಜು.

ಇಲ್ಲಿಗೇ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! 1914ರಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಗೊಬ್ಬರವಾಗಬೇಕಿದ್ದ ಅಮೋನಿಯ ಸಿಡಿಮದ್ದಿಗೆ ಸಾಮಗ್ರಿಯಾಯಿತು. ದೇಶಾಭಿಮಾನದ ಭರದಲ್ಲಿ ಹೇಬರ್ ವಿಷಾನಿಲ ಯುದ್ಧದ ಮುಂದಾಳಾದರು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಅವರ ಮೇಲ್ವಿಚಾರಣೆಯಲ್ಲಿಯೇ ಕ್ಲೋರಿನ್ ಅನಿಲವನ್ನು ಶತ್ರುಗಳ ಕಂದಕಗಳತ್ತ ಹರಿಯಬಿಡಲಾಯಿತು. ಸಾವಿರಾರು ಸೈನಿಕರು ಉಸಿರುಗಟ್ಟಿ ನರಳಿದರು, ಅನೇಕರು ಸತ್ತರು. ಮೇ 2ರಂದು ಕ್ಲಾರಾ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅಷ್ಟಾದರೂ ಹೇಬರ್ ಯುದ್ಧದ ಕೆಲಸಕ್ಕೇ ಮರಳಿದರು.

ಅಮೋನಿಯ ಸಂಶೋಧನೆಗಾಗಿ 1918ನೆಯ ಸಾಲಿನ ನೊಬೆಲ್ ಪಾರಿತೋಷಕ ಅವರಿಗೆ ದೊರೆಯಿತು. ವಿಷಾನಿಲವನ್ನು ಮರೆಯದ ಹಲವು ವಿಜ್ಞಾನಿಗಳು ಅದನ್ನು ವಿರೋಧಿಸಿದರು. 1933ರಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನ ಸರಕಾರ ಯಹೂದಿಗಳನ್ನು ಸರಕಾರಿ ಹುದ್ದೆಗಳಿಂದ ಹೊರಹಾಕತೊಡಗಿತು. ಹೇಬರ್ ತಾರುಣ್ಯದಲ್ಲೇ ಕ್ರೈಸ್ತ ಮತವನ್ನು ಸ್ವೀಕರಿಸಿದ್ದರು, ದೇಶಕ್ಕಾಗಿ ದುಡಿದಿದ್ದರು. ಅದಾವುದೂ ಲೆಕ್ಕಕ್ಕೆ ಬರಲಿಲ್ಲ. ಯಹೂದಿ ಸಹೋದ್ಯೋಗಿಗಳನ್ನು ತೆಗೆದುಹಾಕಲು ಒಪ್ಪದೆ ಅವರು ರಾಜೀನಾಮೆ ಕೊಟ್ಟು ದೇಶ ಬಿಟ್ಟರು. 1934ರ ಜನವರಿ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ತೀರಿಕೊಂಡರು.

ಮಕ್ಕಳೇ, ಅಮೋನಿಯದ ಕ್ರಿಯೆ ಎರಡೂ ದಿಕ್ಕಿಗೆ ನಡೆಯಬಲ್ಲುದು. ಅದನ್ನು ಬೇಕಾದ ಕಡೆಗೆ ವಾಲಿಸುವ ಬಗೆಯನ್ನು ಹೇಬರ್ ಕಂಡುಕೊಂಡರು. ಕಲಿತ ವಿದ್ಯೆಯೂ ಎರಡೂ ದಿಕ್ಕಿಗೆ ನಡೆಯುತ್ತದೆ: ಅನ್ನವನ್ನೂ ಬೆಳೆಯಬಲ್ಲುದು, ಉಸಿರನ್ನೂ ನಿಲ್ಲಿಸಬಲ್ಲುದು. ಅದನ್ನು ಯಾವ ಕಡೆಗೆ ವಾಲಿಸಬೇಕೆಂಬುದನ್ನು ಒತ್ತಡ, ಉಷ್ಣತೆಗಳು ತೀರ್ಮಾನಿಸುವುದಿಲ್ಲ, ಕಲಿತವರೇ ತೀರ್ಮಾನಿಸಬೇಕು. ನಾಳೆ ನೀವೂ ಕಲಿತವರಾಗುತ್ತೀರಿ.